ಪೆಟ್ಟಿಗೆಯೊಳಗಿನ ಬಿಸಿ

1984ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಕಂಪನಿ 'ಪಿಸಿ ಎಟಿ' ಎಂಬ ಹೊಸ ಕಂಪ್ಯೂಟರನ್ನು ಮಾರಾಟಕ್ಕೆ ಬಿಟ್ಟಿತು. ಒಳಗಿದ್ದದ್ದು ಇಂಟೆಲ್‌ನ 80286 ಚಿಪ್, ಅದರ ವೇಗ 6 ಮೆಗಾಹರ್ಟ್ಸ್. ಈ ವೇಗವನ್ನು ಗೊತ್ತುಮಾಡುತ್ತಿದ್ದದ್ದು ಮದರ್‌ಬೋರ್ಡಿನ ಮೇಲಿದ್ದ ಒಂದು ಸಣ್ಣ ಸ್ಫಟಿಕ. ಅದು ಸೆಕೆಂಡಿಗೆ 1 ಕೋಟಿ 20 ಲಕ್ಷ ಸಲ ಕಂಪಿಸುತ್ತಿತ್ತು, ಚಿಪ್ ಅದರ ಅರ್ಧ ವೇಗದಲ್ಲಿ ಹೆಜ್ಜೆ ಹಾಕುತ್ತಿತ್ತು. ಬಹುಬೇಗ ಕೆಲವರಿಗೆ ಒಂದು ಗುಟ್ಟು ತಿಳಿಯಿತು. ಆ ಸ್ಫಟಿಕವನ್ನು ಕಿತ್ತು, ಕೆಲವೇ ಡಾಲರಿಗೆ ಸಿಗುವ 16 ಮೆಗಾಹರ್ಟ್ಸ್ ಸ್ಫಟಿಕವನ್ನು ಕೂರಿಸಿದರೆ ಕಂಪ್ಯೂಟರು 8ರಲ್ಲಿ ಓಡುತ್ತದೆ! ಮೂರನೇ ಒಂದು ಪಾಲು ಹೆಚ್ಚಿನ ವೇಗ, ಹೆಚ್ಚುಕಡಿಮೆ ಪುಕ್ಕಟೆಯಾಗಿ.

ಐಬಿಎಂಗೆ ಇದು ಹಿಡಿಸಲಿಲ್ಲ. ಮುಂದೆ ಬಂದ ಎಟಿಗಳ ಬಯಾಸ್‌ನಲ್ಲಿ ಅದು ಒಂದು ಕಾವಲು ಇಟ್ಟಿತು. ಸ್ವಿಚ್ ಹಾಕಿದೊಡನೆ ಕಂಪ್ಯೂಟರು ತನ್ನ ವೇಗವನ್ನು ತಾನೇ ಅಳೆದು, ಅದು ನಿಗದಿಗಿಂತ ಹೆಚ್ಚಿದ್ದರೆ ಮುಂದುವರಿಯಲು ಒಪ್ಪುತ್ತಿರಲಿಲ್ಲ. 1986ರಲ್ಲಿ ಕಂಪನಿಯೇ 8 ಮೆಗಾಹರ್ಟ್ಸಿನ ಎಟಿಯನ್ನು ಹೊರತಂದಿತು.

ಮುಂದಿನ ನಲವತ್ತು ವರ್ಷಗಳ ಜಗಳವೆಲ್ಲ ಈ ಪುಟ್ಟ ಪ್ರಸಂಗದಲ್ಲೇ ಇದೆ. ಕಂಪನಿ ಮಾರುವ ಪೆಟ್ಟಿಗೆಯೊಳಗೆ, ಕಂಪನಿ ಹೇಳಿಕೊಂಡದ್ದಕ್ಕಿಂತ ಒಂದಿಷ್ಟು ಹೆಚ್ಚು ಕಸುವು ಇರುತ್ತದೆ. ಆ ಉಳಿಕೆ ಯಾರಿಗೆ ಸೇರಿದ್ದು? ಹಣ ಕೊಟ್ಟು ಕೊಂಡವನಿಗೋ, ಕೆಟ್ಟರೆ ಗ್ಯಾರಂಟಿಯಡಿ ಬದಲಿಸಿ ಕೊಡಬೇಕಾದವನಿಗೋ? ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗಿ, ಅಕ್ಷರಶಃ ಬಿಸಿಯಾಗಿ, ಎದ್ದದ್ದು ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ.

ಉಳಿಕೆ ಎಲ್ಲಿಂದ ಬರುತ್ತದೆ ಎನ್ನುವುದನ್ನು ಮೊದಲು ನೋಡಬೇಕು. ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೆ ಹುಟ್ಟುತ್ತವೆ. ಎಲ್ಲವೂ ಒಂದೇ ನಕ್ಷೆ, ಆದರೆ ಗುಣ ಮಾತ್ರ ಒಂದೇ ಅಲ್ಲ. ರತ್ನಾಗಿರಿಯ ಆಪೂಸು ಮಾವನ್ನು ಗಾತ್ರ ನೋಡಿ ಬೇರೆ ಬೇರೆ ಪೆಟ್ಟಿಗೆಗೆ ತುಂಬುವ ಹಾಗೆ, ಕಾರ್ಖಾನೆಯವರು ಒಂದೊಂದು ಚಿಪ್ಪನ್ನೂ ಪರೀಕ್ಷಿಸಿ, ಎಷ್ಟು ವೇಗ ತಾಳುತ್ತದೆ ಎಂಬುದರ ಮೇಲೆ ಬೇರೆ ಬೇರೆ ಹೆಸರಿಡುತ್ತಾರೆ. ಆದರೆ ಪೇಟೆಯಲ್ಲಿ ಅಗ್ಗದ ಪೆಟ್ಟಿಗೆಗೇ ಗಿರಾಕಿ ಜಾಸ್ತಿ. ಆಗ ದೊಡ್ಡ ಹಣ್ಣುಗಳೂ ಸಣ್ಣ ಹಣ್ಣಿನ ಪೆಟ್ಟಿಗೆಗೆ ಬೀಳುತ್ತವೆ. 1998ರಲ್ಲಿ ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಚಿಪ್ಪನ್ನು ಜನ 450 ಮೆಗಾಹರ್ಟ್ಸ್‌ಗೆ ಏರಿಸಿ, ಅದರ ಹಲವು ಪಟ್ಟು ಬೆಲೆಯ ಪೆಂಟಿಯಂಗೆ ಸಮನಾಗಿ ಓಡಿಸಿದ್ದು ಈ ಕಾರಣಕ್ಕೆ. ಓವರ್‌ಕ್ಲಾಕಿಂಗ್ ಎಂಬ ಪದ ಹಾಸ್ಟೆಲು ಕೋಣೆಗಳಿಗೆ ಇಳಿದದ್ದು ಆಗಲೇ.

ಗ್ರಾಫಿಕ್ಸ್ ಕಾರ್ಡುಗಳಲ್ಲಿ ಆಗಿನ್ನೂ ಬಿಸಿಯ ಮಾತೇ ಇರಲಿಲ್ಲ. 1996ರಲ್ಲಿ ಕ್ಯಾಲಿಫೋರ್ನಿಯಾದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಬಂದಾಗ ಅದರ ವೇಗ 50 ಮೆಗಾಹರ್ಟ್ಸ್. ಚಿಪ್‌ಗಳು ಬೋರ್ಡಿನ ಮೇಲೆ ಬರಿಮೈಯಲ್ಲಿ ಕೂತಿರುತ್ತಿದ್ದವು, ಫ್ಯಾನು ಇಲ್ಲ, ಹೀಟ್‌ಸಿಂಕೂ ಇಲ್ಲ. ಎರಡು ವರ್ಷ ಬಿಟ್ಟು ಎನ್‌ವಿಡಿಯಾ ಕಂಪನಿ ತನ್ನ ರಿವಾ ಟಿಎನ್‌ಟಿ ಚಿಪ್ಪು 125 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆಂದು ಹೇಳಿತ್ತು. ಕೈಗೆ ಬಂದದ್ದು 90. ಅಂದುಕೊಂಡಿದ್ದ ಸೂಕ್ಷ್ಮ ತಯಾರಿಕಾ ವಿಧಾನ ಹೊತ್ತಿಗೆ ಸಿದ್ಧವಾಗಲಿಲ್ಲ, ಹಳೆಯ ವಿಧಾನದಲ್ಲಿ ಮಾಡಿದ ಚಿಪ್ಪು ಆ ವೇಗದ ಶಾಖವನ್ನು ತಾಳುತ್ತಿರಲಿಲ್ಲ. ಗ್ರಾಫಿಕ್ಸ್ ಚಿಪ್ಪಿನ ವೇಗವನ್ನು ಎಂಜಿನಿಯರನ ಜಾಣತನಕ್ಕಿಂತ ಶಾಖವೇ ನಿರ್ಧರಿಸುತ್ತದೆ ಎಂದು ಸ್ಪಷ್ಟವಾಗಿ ಕಂಡದ್ದು ಬಹುಶಃ ಅಲ್ಲಿ.

1999ರ ವೂಡೂ3 ಕಾರ್ಡುಗಳು ಮಾವಿನ ಪೆಟ್ಟಿಗೆಯ ಕಥೆಗೆ ಒಳ್ಳೆಯ ಉದಾಹರಣೆ. 2000 ಎಂಬ ಹೆಸರಿನದು 143 ಮೆಗಾಹರ್ಟ್ಸ್, 3000 ಎಂಬುದು 166, 3500 ಎಂಬುದು 183. ಮೂರರಲ್ಲೂ ಒಂದೇ ಚಿಪ್ಪು. ಅಗ್ಗದ 2000ವನ್ನು ಕೊಂಡು, ಒಂದು ಸಣ್ಣ ತಂತ್ರಾಂಶದಿಂದ ವೇಗ ಏರಿಸಿ, ಹೀಟ್‌ಸಿಂಕಿನ ಮೇಲೆ ಹಳೆಯ ಫ್ಯಾನೊಂದನ್ನು ಕಟ್ಟಿದರೆ ಅದು 3000 ಆಗುತ್ತಿತ್ತು. ಆಮೇಲೆ ಇಂಥ ಕೆಲಸಕ್ಕೆ ಪವರ್‌ಸ್ಟ್ರಿಪ್, ರಿವಾಟ್ಯೂನರ್ ಎಂಬ ಸಾಧನಗಳು ಮನೆಮಾತಾದವು. ಎನ್‌ವಿಡಿಯಾ ತನ್ನ ಡ್ರೈವರಿನಲ್ಲೇ ಈ ಸೌಲಭ್ಯವನ್ನು ಬಚ್ಚಿಟ್ಟಿತ್ತು. ರಿಜಿಸ್ಟ್ರಿಯಲ್ಲಿ 'ಕೂಲ್‌ಬಿಟ್ಸ್' ಎಂಬ ಒಂದು ಸಾಲು ಸೇರಿಸಿದರೆ ವೇಗದ ಹಿಡಿಕೆಗಳು ಕಾಣಿಸಿಕೊಳ್ಳುತ್ತಿದ್ದವು. ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ತೋರಣಕ್ಕೆ ಸಿಕ್ಕಿಸಿದ ಹಾಗೆ.

ಆದರೆ ಇದೆಲ್ಲ ಬಿಡಿಭಾಗ ಕೊಂಡು ತಾವೇ ಜೋಡಿಸಿಕೊಳ್ಳುವವರ ಲೋಕ. ಸಿದ್ಧ ಕಂಪ್ಯೂಟರ್ ಕೊಂಡವನ ಪಾಡು ಬೇರೆ.

ಭಾರತದಲ್ಲಿ ಈ ಎರಡು ಲೋಕಗಳಿಗೆ ಚೊಕ್ಕ ಹೆಸರುಗಳಿವೆ: ಅಸೆಂಬಲ್ಡ್ ಮತ್ತು ಬ್ರಾಂಡೆಡ್. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್‌.ಪಿ. ರೋಡ್, ಇವು ಅಸೆಂಬಲ್ಡ್ ಲೋಕದ ರಾಜಧಾನಿಗಳು. ಅಲ್ಲಿ ಗಿರಾಕಿಯೇ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು, ಮದರ್‌ಬೋರ್ಡುಗಳನ್ನು ಒಂದೊಂದಾಗಿ ಆರಿಸಿ ಚೀಟಿ ಬರೆಸುತ್ತಾನೆ. ಬ್ರಾಂಡೆಡ್ ಕಂಪ್ಯೂಟರು ಮೊಹರು ಹಾಕಿ ಬರುತ್ತದೆ. ಡೆಲ್, ಎಚ್‌ಪಿ, ಕಾಂಪ್ಯಾಕ್ ಇರಲಿ, ನಮ್ಮವೇ ಆದ ಎಚ್‌ಸಿಎಲ್, ಝೆನಿತ್ ಇರಲಿ, ಕಚೇರಿಗೂ ಮನೆಗೂ ಅದು ನೆಮ್ಮದಿಯಾಗಿತ್ತು. ತೊಂದರೆ ಶುರುವಾಗುವುದು ಎರಡು ವರ್ಷದ ಮೇಲೆ ಮಗನೋ ಮಗಳೋ ಒಂದು ಆಟ ತಂದು ಹಾಕಿ, ಅದು ಓಡದಿದ್ದಾಗ.

ಆಗ ಎದುರಾಗುವ ಮೊದಲ ಗೋಡೆ ಎಸ್‌ಎಂಪಿಎಸ್. ಸಿದ್ಧ ಕಂಪ್ಯೂಟರಿನವರು ಲೆಕ್ಕ ಹಾಕುವವರು. ಪೆಟ್ಟಿಗೆಗೆ 200 ವ್ಯಾಟ್ ಬೇಕಿದ್ದರೆ 250 ವ್ಯಾಟಿನದು ಹಾಕುತ್ತಾರೆ, 500ರದ್ದಲ್ಲ. ಅದು ತಪ್ಪೂ ಅಲ್ಲ. ಅವರ ಎಸ್‌ಎಂಪಿಎಸ್‌ಗಳು ಎಷ್ಟೋ ಸಲ ಬೀದಿಯಂಗಡಿಯ '500 ವ್ಯಾಟ್' ಎಂದು ಅಚ್ಚಾದ ಹಗುರ ಡಬ್ಬಿಗಳಿಗಿಂತ ಪ್ರಾಮಾಣಿಕ. ಆದರೆ ಹಾಸಿಗೆ ಅಷ್ಟೇ, ಕಾಲು ಚಾಚಲು ಜಾಗವಿಲ್ಲ. ದೊಡ್ಡ ಎಸ್‌ಎಂಪಿಎಸ್ ತಂದು ಹಾಕೋಣವೆಂದರೆ ಅಲ್ಲೂ ಒಂದು ಹೊಂಡವಿತ್ತು. 1990ರ ದಶಕದ ಕೊನೆಯಿಂದ ಕೆಲವು ವರ್ಷ ಡೆಲ್ ಕಂಪ್ಯೂಟರುಗಳಲ್ಲಿ ವಿದ್ಯುತ್ ಕನೆಕ್ಟರಿನ ಆಕಾರ ಎಲ್ಲರದರಂತೆಯೇ ಇತ್ತು, ಒಳಗಿನ ತಂತಿಗಳ ಕ್ರಮ ಮಾತ್ರ ಬೇರೆ. ಹೊರಗಿನ ಎಸ್‌ಎಂಪಿಎಸ್ ಸಲೀಸಾಗಿ ಕೂರುತ್ತಿತ್ತು, ಸ್ವಿಚ್ ಹಾಕಿದರೆ ಮದರ್‌ಬೋರ್ಡು ಸುಡುವ ಅಪಾಯವಿತ್ತು. ಆಕಾರವೂ ಬೇರೆಯಿದ್ದಿದ್ದರೆ ಅದನ್ನು ಕಂಪನಿಯ ಪದ್ಧತಿ ಎನ್ನಬಹುದಿತ್ತು. ಒಂದೇ ಆಕಾರದಲ್ಲಿ ಬೇರೆ ತಂತಿ ಎಂದರೆ ಅದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಎರಡನೇ ಗೋಡೆ ಗಾಳಿ. ಎಟಿಎಕ್ಸ್ ಮಾದರಿಯ ನಿಂತ ಕ್ಯಾಬಿನೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡು ಅಡ್ಡಲಾಗಿ ಮಲಗಿರುತ್ತದೆ, ಅದರ ಚಿಪ್ಪು ಮತ್ತು ಫ್ಯಾನು ಕೆಳಮುಖವಾಗಿ. ಬಿಸಿಗಾಳಿ ಮೇಲೇರಬೇಕೆಂದರೆ ಕಾರ್ಡೇ ಚಾವಣಿಯಾಗಿ ಅಡ್ಡ ನಿಲ್ಲುತ್ತದೆ. ಮುಂದೆ ಚಂದದ ಪ್ಲಾಸ್ಟಿಕ್ ಮುಖ, ಹಿಂದೆ ಒಂದೇ ಫ್ಯಾನು ಇರುವ ಸಿದ್ಧ ಪೆಟ್ಟಿಗೆಯಲ್ಲಿ ಆ ಗಾಳಿ ಅಲ್ಲೇ ಸುತ್ತುತ್ತಿರುತ್ತದೆ. ಇನ್ನು ಕೋಣೆಯ ಗಾಳಿ. ಯಾವ ಫ್ಯಾನೂ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು, ವ್ಯತ್ಯಾಸವನ್ನು ಕುಗ್ಗಿಸಬಲ್ಲದು ಅಷ್ಟೆ. 25 ಡಿಗ್ರಿಯ ಪ್ರಯೋಗಾಲಯದಲ್ಲಿ 65 ಡಿಗ್ರಿ ತೋರಿದ ಕಾರ್ಡು, ದೆಹಲಿಯ ಮೇ ತಿಂಗಳ 40 ಡಿಗ್ರಿಯ ಕೋಣೆಯಲ್ಲಿ 80ರ ಹತ್ತಿರ ಇರುತ್ತದೆ. ಪರದೇಶದ ವಿಮರ್ಶೆ ಓದಿ ಕಾರ್ಡು ಕೊಂಡವರು ಈ 15 ಡಿಗ್ರಿಯನ್ನು ಮರೆತದ್ದುಂಟು.

2000ನೇ ಇಸವಿಯ ಹೊತ್ತಿಗೆ ಕಾರ್ಡುಗಳಿಗೆ ಮದರ್‌ಬೋರ್ಡಿನ ಸ್ಲಾಟ್ ಕೊಡುವ ವಿದ್ಯುತ್ ಸಾಲದಾಯಿತು. ವೂಡೂ5 5500 ಕಾರ್ಡು ಹಾರ್ಡ್‌ಡಿಸ್ಕಿನ ಹಾಗೆ ತನ್ನದೇ ವಿದ್ಯುತ್ ತಂತಿ ಕೇಳಿತು. ಅದರ ಅಣ್ಣ 6000ಕ್ಕೆ ಗೋಡೆಗೆ ಸಿಕ್ಕಿಸುವ ಪ್ರತ್ಯೇಕ ಅಡಾಪ್ಟರೇ ಬೇಕಿತ್ತು. ಅದು ಅಂಗಡಿಗೆ ಬರುವ ಮುನ್ನವೇ ಕಂಪನಿ ಮುಳುಗಿತು, ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಂಡಿತು.

ಈ ಕಥೆಯಲ್ಲಿ ನಿಂತು ನೋಡಬೇಕಾದ ಕಾಲವೆಂದರೆ 2002 ಮತ್ತು 2003. ಮುಂದೆ ಬಂದದ್ದೆಲ್ಲದರ ಬೀಜ ಆ ಹದಿನೆಂಟು ತಿಂಗಳಲ್ಲಿದೆ.

2002ರ ಆಗಸ್ಟ್‌ನಲ್ಲಿ ಕೆನಡಾದ ಎಟಿಐ ಕಂಪನಿ ರೇಡಿಯಾನ್ 9700 ಪ್ರೊ ಕಾರ್ಡನ್ನು ತಂದಿತು. ಹಳೆಯದಾದ, ಆದರೆ ಪಳಗಿದ 0.15 ಮೈಕ್ರಾನ್ ವಿಧಾನದಲ್ಲಿ ಮಾಡಿದ ಚಿಪ್ಪು, 325 ಮೆಗಾಹರ್ಟ್ಸ್. ಎಲ್ಲರನ್ನೂ ಹಿಂದೆ ಹಾಕಿತು. ಎನ್‌ವಿಡಿಯಾ ಹೊಸ 0.13 ಮೈಕ್ರಾನ್ ವಿಧಾನದ ಮೇಲೆ ಪಣ ಕಟ್ಟಿ ತಡವಾಗಿ ಸಿಕ್ಕಿಬಿದ್ದಿತ್ತು. ಅದರ ಉತ್ತರ, ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ, ಜನರ ಕೈಸೇರಿದ್ದು 2003ರ ಆರಂಭದಲ್ಲಿ. ವೇಗ 500 ಮೆಗಾಹರ್ಟ್ಸ್. ಎದುರಾಳಿಗೆ ಸರಿಗಟ್ಟಲು ಕಂಪನಿ ತನ್ನ ಚಿಪ್ಪಿನ ಉಳಿಕೆಯನ್ನೆಲ್ಲ ತಾನೇ ಬಳಿದು ಹಾಕಿತ್ತು. ಒಂದು ಅರ್ಥದಲ್ಲಿ ಅದು ಕಾರ್ಖಾನೆಯಲ್ಲೇ ಓವರ್‌ಕ್ಲಾಕ್ ಆದ ಕಾರ್ಡು.

ಅದರ ಬಿಸಿ ಕಳೆಯಲು ತಾಮ್ರದ ಕೊಳವೆಗಳಿರುವ ದೊಡ್ಡ ಕೂಲರು ಬೇಕಾಯಿತು. ಈ ಕೊಳವೆಗಳ ಉಪಾಯ ಸುಂದರವಾದದ್ದು. ಗಾಳಿ ತೆಗೆದ ಕೊಳವೆಯೊಳಗೆ ಒಂದಿಷ್ಟು ದ್ರವ ಇಟ್ಟರೆ ಅದು ಕಡಿಮೆ ಶಾಖಕ್ಕೇ ಆವಿಯಾಗುತ್ತದೆ, ಆವಿ ತಣ್ಣಗಿನ ತುದಿಗೆ ಓಡಿ ಶಾಖ ಬಿಟ್ಟು ದ್ರವವಾಗಿ ಮರಳುತ್ತದೆ. ಮೋಟಾರಿಲ್ಲ, ಪಂಪಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ರೂಪಿಸಿದಾಗ ಅದು ಅಂತರಿಕ್ಷದ ಯಂತ್ರಗಳಿಗೆಂದು ಹೊರಟ ವಿದ್ಯೆ. ನಲವತ್ತು ವರ್ಷದ ಮೇಲೆ ಅದು ಹುಡುಗರ ಆಟದ ಪೆಟ್ಟಿಗೆಗೆ ಇಳಿಯಿತು.

5800 ಅಲ್ಟ್ರಾದ ಕೂಲರು ಪಕ್ಕದ ಸ್ಲಾಟನ್ನೂ ನುಂಗಿತು. ಕ್ಯಾಬಿನೆಟ್ಟಿನ ಹಿಂಬದಿಯಿಂದ ಗಾಳಿ ಎಳೆದು ಅಲ್ಲಿಗೇ ಉಗುಳುತ್ತಿತ್ತು. ಆಟ ಶುರುವಾದೊಡನೆ ಫ್ಯಾನು ಎಂಥ ಸದ್ದು ಮಾಡುತ್ತಿತ್ತೆಂದರೆ, ಜನ ಅದಕ್ಕೆ ಕೈಯಲ್ಲಿ ಹಿಡಿದು ಕಸ ಎಳೆಯುವ ಯಂತ್ರದ ಹೆಸರಿಟ್ಟರು: ಡಸ್ಟ್‌ಬಸ್ಟರ್. ಎನ್‌ವಿಡಿಯಾದ ಎಂಜಿನಿಯರುಗಳೇ ತಮ್ಮ ಕಾರ್ಡನ್ನು ಗೇಲಿ ಮಾಡುವ ವಿಡಿಯೊ ಮಾಡಿದರು. ಸೋತಾಗ ನಗುವುದು ದೊಡ್ಡ ಗುಣವೇ. ಆದರೆ ಅದೇ ವರ್ಷ ಅವರು ಮಾಡಿದ ಇನ್ನೊಂದು ಕೆಲಸ ನಗುವಂಥದ್ದಾಗಿರಲಿಲ್ಲ.

ಎರಡು ಕಾರ್ಡುಗಳನ್ನು ಹೋಲಿಸುವುದು ಹೇಗೆ? 1990ರ ದಶಕದ ನಡುವಿನಿಂದ ಥಾಮಸ್ ಪಾಬ್ಸ್ಟ್ ಅವರ ಟಾಮ್ಸ್ ಹಾರ್ಡ್‌ವೇರ್, ಹದಿನಾಲ್ಕರ ಹರೆಯದಲ್ಲಿ ಆನಂದ್ ಲಾಲ್ ಶಿಂಪಿ ಶುರುಮಾಡಿದ ಆನಂದ್‌ಟೆಕ್ ಮುಂತಾದ ತಾಣಗಳು ಒಂದು ಪದ್ಧತಿ ಬೆಳೆಸಿದ್ದವು. ಒಂದೇ ಯಂತ್ರ, ಒಂದೇ ಆಟ, ಕಾರ್ಡು ಮಾತ್ರ ಬದಲು, ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆಂದು ಎಣಿಕೆ. ಜೊತೆಗೆ 3ಡಿ ಮಾರ್ಕ್‌ನಂಥ ಪರೀಕ್ಷಾ ತಂತ್ರಾಂಶ, ಕೊನೆಯಲ್ಲಿ ಒಂದೇ ಅಂಕ. ಅಂಕ ಬಂದಲ್ಲಿ ನಕಲೂ ಬರುತ್ತದೆ. 2001ರ ಅಕ್ಟೋಬರಿನಲ್ಲೇ ಎಟಿಐಯ ಡ್ರೈವರು 'ಕ್ವೇಕ್' ಎಂಬ ಆಟದ ಹೆಸರು ಕಂಡರೆ ಚಿತ್ರದ ಗುಣ ಇಳಿಸಿ ವೇಗ ಏರಿಸುತ್ತದೆಂಬುದು ಬಯಲಾಗಿತ್ತು. ಹಿಡಿದವರು ಮಾಡಿದ್ದಿಷ್ಟೆ: ಆಟದ ಕಡತದ ಹೆಸರನ್ನು 'ಕ್ವ್ಯಾಕ್' ಎಂದು ಬದಲಿಸಿದರು. ಬಾತುಕೋಳಿಯ ಕೂಗನ್ನು ಡ್ರೈವರು ಗುರುತಿಸಲಿಲ್ಲ, ವೇಗ ಇಳಿಯಿತು.

2003ರ ಮೇ ತಿಂಗಳದು ಇನ್ನೂ ದೊಡ್ಡದು. 3ಡಿ ಮಾರ್ಕ್ 03ರ ದೃಶ್ಯಗಳಲ್ಲಿ ಕ್ಯಾಮೆರಾ ಯಾವಾಗಲೂ ಒಂದೇ ದಾರಿಯಲ್ಲಿ ಸಾಗುತ್ತದೆ. ಎನ್‌ವಿಡಿಯಾದ ಡ್ರೈವರು ಆ ದಾರಿಯನ್ನು ಮೊದಲೇ ತಿಳಿದು, ಕ್ಯಾಮೆರಾಕ್ಕೆ ಕಾಣದ ಭಾಗಗಳನ್ನು ಬರೆಯುವುದನ್ನೇ ಬಿಟ್ಟುಬಿಡುತ್ತಿತ್ತು. ಪರೀಕ್ಷಕರು ಕ್ಯಾಮೆರಾವನ್ನು ದಾರಿಯಿಂದ ಆಚೆ ತಿರುಗಿಸಿದಾಗ ಆಕಾಶ ಹರಿದು ಹೋಗಿತ್ತು. ಕಂಪನಿ ನಾಟಕದ ಪರದೆಯನ್ನು ಪಕ್ಕದಿಂದ ನೋಡಿದರೆ ಬರಿಯ ಬೊಂಬು ಕಾಣುವ ಹಾಗೆ. ತಂತ್ರಾಂಶ ಮಾಡಿದ ಫಿನ್‌ಲ್ಯಾಂಡಿನ ಫ್ಯೂಚರ್‌ಮಾರ್ಕ್ ಕಂಪನಿ ಇದನ್ನು ವರದಿಯಾಗಿ ಪ್ರಕಟಿಸಿ ತಿದ್ದುಪಡಿ ತಂದಿತು. ತಿದ್ದಿದ ಮೇಲೆ ಎನ್‌ವಿಡಿಯಾದ ಹೊಸ 5900 ಅಲ್ಟ್ರಾ ಕಾರ್ಡಿನ ಅಂಕ ಶೇ. 24.1ರಷ್ಟು ಬಿತ್ತು. ಎಟಿಐಯದೂ ಶೇ. 1.9 ಇಳಿಯಿತು. ವಿಚಿತ್ರವೆಂದರೆ, ಹತ್ತೇ ದಿನದಲ್ಲಿ ಎರಡೂ ಕಂಪನಿಗಳು ಜಂಟಿ ಹೇಳಿಕೆ ಕೊಟ್ಟು, ಇದನ್ನು ಮೋಸ ಎನ್ನಬಾರದು ಎಂದು ರಾಜಿಯಾದವು. ಅಳತೆಗೋಲು ಮಾಡುವವನು ಅಳೆಸಿಕೊಳ್ಳುವವನ ಮುಲಾಜಿನಲ್ಲಿದ್ದರೆ ಹೀಗೆಯೇ.

ಅದೇ ಕಾಲಕ್ಕೆ ಎಟಿಐಯ ಮಗ್ಗುಲಲ್ಲಿ ಉಳಿಕೆಯ ಕಥೆ ಇನ್ನೊಂದು ರೂಪ ತಾಳಿತು. ಅಗ್ಗದ ರೇಡಿಯಾನ್ 9500ರಲ್ಲೂ 9700ರದೇ ಚಿಪ್ಪಿತ್ತು, ಎಂಟು ಪೈಪ್‌ಲೈನುಗಳಲ್ಲಿ ನಾಲ್ಕನ್ನು ಮುಚ್ಚಿದ್ದರು. ಡ್ರೈವರಿಗೆ ಒಂದು ತಿದ್ದುಪಡಿ ಮಾಡಿದರೆ ಆ ನಾಲ್ಕೂ ತೆರೆಯುತ್ತಿದ್ದವು. ಕೆಲವರಿಗೆ 9500ರ ಬೆಲೆಗೆ 9700 ಸಿಕ್ಕಿತು. ಕೆಲವರ ಪರದೆಯ ಮೇಲೆ ಚದುರಂಗದ ಹಾಸಿನಂಥ ಚೌಕಗಳು ಮೂಡಿದವು. ಅವರ ಚಿಪ್ಪಿನಲ್ಲಿ ಆ ನಾಲ್ಕು ನಿಜವಾಗಿಯೂ ಕೆಟ್ಟಿದ್ದವು. ಮುಚ್ಚಿದ್ದು ವ್ಯಾಪಾರಕ್ಕೋ ದೋಷಕ್ಕೋ ಎಂಬುದು ತೆರೆದು ನೋಡುವ ತನಕ ತಿಳಿಯುವಂತಿರಲಿಲ್ಲ.

ಸಿದ್ಧ ಕಂಪ್ಯೂಟರ್ ಕೊಂಡವನಿಗೆ ಇಂಥ ಜೂಜೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಹೆಸರು. 2002ರ ಜೀಫೋರ್ಸ್4 ಎಂಎಕ್ಸ್ ಅದಕ್ಕೆ ಸಾಕ್ಷಿ. ಹೆಸರಿನಲ್ಲಿ 4 ಇತ್ತು, ಒಳಗಿದ್ದ ವಿದ್ಯೆ ಜೀಫೋರ್ಸ್2ರ ಪೀಳಿಗೆಯದು. ಜೀಫೋರ್ಸ್3ರಲ್ಲೇ ಬಂದಿದ್ದ ಹೊಸ ಶೇಡರ್ ಸೌಲಭ್ಯ ಇದರಲ್ಲಿ ಇರಲಿಲ್ಲ. ಡೂಮ್ ಆಟದ ಜಾನ್ ಕಾರ್ಮ್ಯಾಕ್ ತಮ್ಮ ಮುಂದಿನ ಆಟಕ್ಕೆ ಇದನ್ನು ಕೊಳ್ಳಬೇಡಿ ಎಂದು ಬಹಿರಂಗವಾಗಿಯೇ ಹೇಳಿದರು. ಆದರೂ ಸಿದ್ಧ ಕಂಪ್ಯೂಟರಿನ ಜಾಹೀರಾತಿನಲ್ಲಿ 'ಜೀಫೋರ್ಸ್4' ಎಂಬ ಪದ ಮಿಂಚುತ್ತಿತ್ತು. ಈ ಚಾಳಿ ನಿಲ್ಲಲೇ ಇಲ್ಲ. 2009ರ ಜಿಟಿಎಸ್ 250 ಎಂಬುದು ಹಿಂದಿನ ವರ್ಷದ 9800 ಜಿಟಿಎಕ್ಸ್ ಪ್ಲಸ್‌ನ ಹೊಸ ಹೆಸರು. 2018ರಲ್ಲಿ ಜಿಟಿ 1030 ಕಾರ್ಡಿನ ನಿಧಾನ ಮೆಮೊರಿಯ ಆವೃತ್ತಿ ಅದೇ ಹೆಸರಿನಲ್ಲಿ ಬಂತು. ಮೆಮೊರಿಯ ಹರಿವು ಸೆಕೆಂಡಿಗೆ 48 ಗಿಗಾಬೈಟಿನಿಂದ 17ರ ಒಳಗೆ ಇಳಿದಿತ್ತು. ಕಂಪ್ಯೂಟರಿನ ಡಬ್ಬಿಯ ಮೇಲೆ 'ಜಿಟಿ 1030' ಎಂದಷ್ಟೇ ಇದ್ದರೆ ಕೊಳ್ಳುವವನು ಏನನ್ನು ಹೋಲಿಸಬೇಕು?

ಪೆಟ್ಟಿಗೆಯ ಗಾಳಿಯನ್ನು ಬುಡದಿಂದಲೇ ಸರಿಪಡಿಸುವ ಪ್ರಯತ್ನ ಒಮ್ಮೆ ನಡೆಯಿತು. ಪೆಂಟಿಯಂ 4ರ ಬಿಸಿಯಿಂದ ತತ್ತರಿಸಿದ ಇಂಟೆಲ್ 2003ರಲ್ಲಿ ಬಿಟಿಎಕ್ಸ್ ಎಂಬ ಹೊಸ ಮಾದರಿ ಘೋಷಿಸಿತು. ಮುಂದಿನಿಂದ ಒಂದು ದೊಡ್ಡ ಫ್ಯಾನು, ಅದರ ಗಾಳಿ ನೇರ ಪ್ರೊಸೆಸರಿನ ಮೇಲೆ ಹಾದು ಹಿಂದಕ್ಕೆ, ಗ್ರಾಫಿಕ್ಸ್ ಕಾರ್ಡಿನ ಚಿಪ್ಪು ಮೇಲ್ಮುಖ. ಡೆಲ್ ಅದನ್ನು ಮನಸಾರೆ ಅಪ್ಪಿಕೊಂಡಿತು, ಬಿಡಿಭಾಗದ ಅಂಗಡಿಯವರು ಮುಟ್ಟಲಿಲ್ಲ. ಅಷ್ಟರಲ್ಲಿ ಇಂಟೆಲ್ ತಂಪಾದ ಪ್ರೊಸೆಸರು ಮಾಡಲು ಕಲಿತು 2006ರಲ್ಲಿ ಬಿಟಿಎಕ್ಸನ್ನು ಕೈಬಿಟ್ಟಿತು. ಪ್ರೊಸೆಸರು ತಣ್ಣಗಾಯಿತು, ಗ್ರಾಫಿಕ್ಸ್ ಕಾರ್ಡು ಆಗಲಿಲ್ಲ.

ಯಾಕೆ ಆಗಲಿಲ್ಲ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕವಿದೆ. ಚಿಪ್ಪು ಕೆಲಸ ಮಾಡುವಾಗ ಹುಟ್ಟುವ ಶಾಖ ಅದರ ವೇಗಕ್ಕೆ ಅನುಗುಣವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಶೇ. 10 ವೇಗ ಹೆಚ್ಚಿಸಲು ಶೇ. 10 ವೋಲ್ಟೇಜೂ ಹೆಚ್ಚಿಸಬೇಕಾಗಿ ಬಂದರೆ ಶಾಖ 1.1ರ ಘನ, ಅಂದರೆ ಶೇ. 33ರಷ್ಟು ಹೆಚ್ಚು. ಹತ್ತು ರೂಪಾಯಿಯ ವೇಗಕ್ಕೆ ಮೂವತ್ತಮೂರು ರೂಪಾಯಿಯ ಬಿಸಿ. ಓವರ್‌ಕ್ಲಾಕಿಂಗಿನ ಮೊದಲ ಮೆಟ್ಟಿಲು ಅಗ್ಗ, ಆಮೇಲಿನವು ದುಬಾರಿ. ದ್ರವ ಸಾರಜನಕ ಸುರಿದು ದಾಖಲೆ ಬರೆಯುವವರ ಮಾತು ಬೇರೆ, ಅದು ಆಟಕ್ಕಿಂತ ಹೆಚ್ಚಾಗಿ ಪಂದ್ಯ.

2010ರ ಮಾರ್ಚ್‌ನ ಜಿಟಿಎಕ್ಸ್ 480 ಈ ಲೆಕ್ಕದ ಗಡಿ ತೋರಿಸಿತು. 300 ಕೋಟಿ ಟ್ರಾನ್ಸಿಸ್ಟರು, 250 ವ್ಯಾಟ್, ಆಟದ ನಡುವೆ 90 ಡಿಗ್ರಿ ದಾಟುವ ಚಿಪ್ಪು. ಅದರ ಮೇಲೆ ಮೊಟ್ಟೆ ಬೇಯಿಸುವ ವಿಡಿಯೊಗಳು ಹರಿದಾಡಿದವು. ಐಬಿಎಂ ಎಟಿಯ ಇಡೀ ಎಸ್‌ಎಂಪಿಎಸ್ 192 ವ್ಯಾಟಿನದಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಕಂಪನಿಗಳಿಗೆ ಭಯ ಹುಟ್ಟಿದ್ದು ಈ ಕಾಲದಲ್ಲೇ. ಫರ್‌ಮಾರ್ಕ್ ಎಂಬ ಪರೀಕ್ಷಾ ತಂತ್ರಾಂಶ, ಪರದೆಯ ಮೇಲೆ ಉಣ್ಣೆಯ ಉಂಗುರವೊಂದನ್ನು ಬರೆಯುತ್ತಾ, ಯಾವ ಆಟವೂ ಹುಟ್ಟಿಸದಷ್ಟು ಬಿಸಿ ಹುಟ್ಟಿಸುತ್ತಿತ್ತು. 2008ರಲ್ಲಿ ಎಟಿಐಯ ಡ್ರೈವರು ಆ ಕಡತದ ಹೆಸರು ಕಂಡರೆ ವೇಗ ತಗ್ಗಿಸತೊಡಗಿತು. ಜನ ಹೆಸರು ಬದಲಿಸಿ ದಾಟಿದರು. ಏಳು ವರ್ಷದ ಹಿಂದೆ ವೇಗ ಏರಿಸಲು ಕಡತದ ಹೆಸರು ನೋಡುತ್ತಿದ್ದ ಡ್ರೈವರು ಈಗ ಬಿಸಿ ಇಳಿಸಲು ಹೆಸರು ನೋಡುತ್ತಿತ್ತು!

ಇದು ಬಾಳುವ ಉಪಾಯವಲ್ಲ. ಬಾಳುವ ಉಪಾಯ ಬಂದದ್ದು ಚಿಪ್ಪಿನೊಳಗೇ. 2010ರ ಡಿಸೆಂಬರಿನಲ್ಲಿ ಎಎಮ್‌ಡಿ (ಎಟಿಐಯನ್ನು ಅದು 2006ರಲ್ಲಿ ಕೊಂಡಿತ್ತು) ಪವರ್‌ಟ್ಯೂನ್ ತಂದಿತು, 2012ರ ಮಾರ್ಚ್‌ನಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 680 ಜಿಪಿಯು ಬೂಸ್ಟ್ ತಂದಿತು. ಅಲ್ಲಿಂದ ಕಾರ್ಡಿಗೆ ಒಂದೇ ವೇಗ ಎಂಬುದಿಲ್ಲ. 1006 ಮೆಗಾಹರ್ಟ್ಸ್ ಖಾತ್ರಿ, ವಿದ್ಯುತ್ತು ಮತ್ತು ತಂಪು ಸಾಕಷ್ಟಿದ್ದರೆ ಸಾಮಾನ್ಯವಾಗಿ 1058, ಇನ್ನೂ ಇದ್ದರೆ ಇನ್ನೂ ಮೇಲೆ. ಕ್ಷಣಕ್ಷಣಕ್ಕೂ ಅಳೆದು ಕಾರ್ಡು ತನ್ನನ್ನು ತಾನೇ ಓವರ್‌ಕ್ಲಾಕ್ ಮಾಡಿಕೊಳ್ಳುತ್ತದೆ. ಹಾಸ್ಟೆಲಿನ ಹುಡುಗ ರಾತ್ರಿಯೆಲ್ಲ ಕೂತು ಹುಡುಕುತ್ತಿದ್ದ ಉಳಿಕೆಯನ್ನು ಕಂಪನಿ ತಾನೇ ಹುಡುಕಿ, ಅದಕ್ಕೆ ಬೆಲೆ ಕಟ್ಟಿ ಮಾರತೊಡಗಿತು. 2016ರ ಪೀಳಿಗೆಯಿಂದ ಎನ್‌ವಿಡಿಯಾ ಕಾರ್ಡಿನ ಬಯಾಸನ್ನು ಸಹಿ ಹಾಕಿ ಭದ್ರ ಮಾಡಿತು, ತಿದ್ದಿದ ಬಯಾಸನ್ನು ಕಾರ್ಡು ಒಪ್ಪುವುದಿಲ್ಲ. ಎಟಿಯಲ್ಲಿ ಐಬಿಎಂ ಇಟ್ಟ ಕಾವಲಿನ ವಂಶದ್ದೇ ಇದು.

ಸಿದ್ಧ ಪೆಟ್ಟಿಗೆಯವರಿಗೆ ಈ ಬದಲಾವಣೆ ತಂದ ಪೆಟ್ಟು ಸೂಕ್ಷ್ಮವಾದದ್ದು. ಮೊದಲು ಗಾಳಿ ಕೆಟ್ಟ ಪೆಟ್ಟಿಗೆಯಲ್ಲಿ ಕಾರ್ಡು ಕೆಡುತ್ತಿತ್ತು, ಅಥವಾ ಪರದೆ ಗೊಂದಲವಾಗುತ್ತಿತ್ತು. ಕೆಟ್ಟದ್ದು ಗೊತ್ತಾಗುತ್ತಿತ್ತು. ಈಗ ಕಾರ್ಡು ಸದ್ದಿಲ್ಲದೆ ನಿಧಾನವಾಗುತ್ತದೆ. 2013ರ ಅಕ್ಟೋಬರಿನಲ್ಲಿ ಬಂದ ಎಎಮ್‌ಡಿಯ ಆರ್9 290ಎಕ್ಸ್ ಕಾರ್ಡಿನ ಮೇಲೆ '1000 ಮೆಗಾಹರ್ಟ್ಸ್ ತನಕ' ಎಂದಿತ್ತು. ಸೀರೆ ಅಂಗಡಿಯ 'ಶೇ. 50ರ ತನಕ ರಿಯಾಯಿತಿ' ಫಲಕ ಓದಿದವರಿಗೆ 'ತನಕ' ಎಂಬ ಪದದ ಭಾರ ಗೊತ್ತು. ಚಿಪ್ಪು 95 ಡಿಗ್ರಿ ಮುಟ್ಟಿದ ಮೇಲೆ ಅಲ್ಲೇ ನಿಲ್ಲಲು ವೇಗವನ್ನು ಬಿಟ್ಟುಕೊಡುತ್ತಿತ್ತು. ಅಂಗಡಿಯಲ್ಲಿ ಕೊಂಡ ಕೆಲವು ಕಾರ್ಡುಗಳು ವಿಮರ್ಶಕರಿಗೆ ಕಳಿಸಿದವುಗಳಿಗಿಂತ ನಿಧಾನವೆಂದು ಪರೀಕ್ಷೆಗಳು ತೋರಿಸಿದವು. ಫ್ಯಾನುಗಳ ಸುತ್ತು ಒಂದೊಂದರಲ್ಲಿ ಒಂದೊಂದು ಬಗೆಯಿತ್ತು, ಎಎಮ್‌ಡಿ ಡ್ರೈವರು ತಿದ್ದಿ ಅದನ್ನು ಸಮಮಾಡಿತು. ಒಂದೇ ಹೆಸರಿನ ಎರಡು ಕಾರ್ಡುಗಳ ವೇಗ ಒಂದೇ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಅಂದಿನಿಂದ ಹೋಲಿಸಬೇಕಾದ್ದು ಕಾರ್ಡನ್ನಲ್ಲ, ಪೆಟ್ಟಿಗೆಯೊಳಗಿನ ಕಾರ್ಡನ್ನು.

ಕೂಲರಿನ ಜಾತಿಯೂ ಇಲ್ಲಿ ಮುಖ್ಯ. ಒಂದು ಬಗೆಯದು ಬ್ಲೋವರ್: ಒಂದೇ ಫ್ಯಾನು, ಮುಚ್ಚಿದ ಕವಚ, ಬಿಸಿಗಾಳಿ ಕಾರ್ಡಿನ ಹಿಂದಿನ ಕಿಂಡಿಯಿಂದ ಪೆಟ್ಟಿಗೆಯ ಹೊರಗೆ. ಇನ್ನೊಂದು ಎರಡು ಮೂರು ಫ್ಯಾನಿನ ತೆರೆದ ಕೂಲರು: ಚಿಪ್ಪು ತಂಪು, ಸದ್ದೂ ಕಡಿಮೆ, ಆದರೆ ಬಿಸಿಗಾಳಿಯೆಲ್ಲ ಪೆಟ್ಟಿಗೆಯೊಳಗೇ. ವಿಮರ್ಶಕರು ತೆರೆದ ಮೇಜಿನ ಮೇಲೆ ಪರೀಕ್ಷಿಸಿದಾಗ ಎರಡನೆಯದೇ ಗೆಲ್ಲುತ್ತದೆ. ಗಾಳಿಯಾಡದ ಸಿದ್ಧ ಪೆಟ್ಟಿಗೆಯಲ್ಲಿ ಗದ್ದಲದ ಬ್ಲೋವರೇ ವಾಸಿ ಎನಿಸುವ ಸಂದರ್ಭಗಳಿದ್ದವು. ಎನ್‌ವಿಡಿಯಾ 2018ರ ಆರ್‌ಟಿಎಕ್ಸ್ 20 ಸರಣಿಯಲ್ಲಿ ತನ್ನ ಸ್ವಂತ ಕಾರ್ಡುಗಳಿಗೂ ತೆರೆದ ಕೂಲರು ಹಾಕಿತು.

ಸಿದ್ಧ ಕಂಪ್ಯೂಟರಿನವರಿಗೆ ನಿಜವಾಗಿ ಒಳಿತು ಮಾಡಿದ ಕಾರ್ಡು ಯಾವುದೆಂದರೆ, ದಾಖಲೆ ಮುರಿದ ಯಾವುದೂ ಅಲ್ಲ. 2014ರ ಫೆಬ್ರವರಿಯ ಜಿಟಿಎಕ್ಸ್ 750 ಟಿಐ. 60 ವ್ಯಾಟ್. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ 75 ವ್ಯಾಟ್ ಕೊಡಬಲ್ಲದು, ಆದ್ದರಿಂದ ಬೇರೆ ತಂತಿ ಬೇಡ, ಎಸ್‌ಎಂಪಿಎಸ್ ಬದಲಿಸುವುದು ಬೇಡ. ಕಚೇರಿಯಿಂದ ಹಳೆಯದಾಗಿ ಹೊರಬಿದ್ದ ಡೆಲ್ಲೋ ಎಚ್‌ಪಿಯೋ ಆಗಿರಲಿ, ಸ್ಕ್ರೂ ಬಿಚ್ಚಿ ಸಿಕ್ಕಿಸಿದರೆ ಆಟದ ಯಂತ್ರ. ಎರಡು ವರ್ಷದ ಮೇಲೆ ಬಂದ 1050 ಟಿಐ ಅದೇ 75 ವ್ಯಾಟಿನೊಳಗೆ ಇನ್ನೂ ಹೆಚ್ಚು ಮಾಡಿತು. ಗ್ರಾಫಿಕ್ಸ್ ಕಾರ್ಡಿನ ಚರಿತ್ರೆ ಬರೆಯುವವರು ಇವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಅಂಗಡಿಯವನನ್ನು ಕೇಳಿದರೆ ಬೇರೆ ಚರಿತ್ರೆ ಸಿಗುತ್ತದೆ.

2020ರ ಕೊನೆಯಿಂದ ಎರಡು ವರ್ಷ ಲೆಕ್ಕಾಚಾರ ತಲೆಕೆಳಗಾಯಿತು. ಕೋವಿಡ್, ಚಿಪ್ಪಿನ ಕೊರತೆ, ಎಥೀರಿಯಂ ಗಣಿಗಾರಿಕೆ ಮೂರೂ ಸೇರಿ ಬಿಡಿ ಕಾರ್ಡುಗಳು ಮಾಯವಾದವು. ಕಾರ್ಡು ಬೇಕಾದವರು ಸಿದ್ಧ ಕಂಪ್ಯೂಟರನ್ನೇ ಕೊಳ್ಳಬೇಕಾಯಿತು. ವರ್ಷಾನುಗಟ್ಟಲೆ ಬ್ರಾಂಡೆಡ್ ಪೆಟ್ಟಿಗೆಯನ್ನು ಹಂಗಿಸಿದವರು ಅದೇ ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗೆ ಸಿಕ್ಕಿಕೊಂಡ 320 ವ್ಯಾಟಿನ ಆರ್‌ಟಿಎಕ್ಸ್ 3080ಗೆ ಉಸಿರಾಡಲು ಜಾಗ ಹುಡುಕಿದರು. ಅವರಲ್ಲಿ ಬಹಳ ಮಂದಿ ಆಗ ಕಲಿತ ವಿದ್ಯೆ ಓವರ್‌ಕ್ಲಾಕಿಂಗಿನ ತಿರುವುಮುರುವು: ಅಂಡರ್‌ವೋಲ್ಟಿಂಗ್.

ಲೆಕ್ಕ ಅದೇ, ದಿಕ್ಕು ಬೇರೆ. ಎಲ್ಲ ಚಿಪ್ಪುಗಳೂ ಓಡಲೆಂದು ಕಾರ್ಖಾನೆ ವೋಲ್ಟೇಜನ್ನು ಒಂದಿಷ್ಟು ಹೆಚ್ಚಾಗಿಯೇ ಇಡುತ್ತದೆ. ವೇಗವನ್ನು ಹಾಗೇ ಬಿಟ್ಟು ವೋಲ್ಟೇಜನ್ನು ಶೇ. 10 ಇಳಿಸಿದರೆ 0.9ರ ವರ್ಗ 0.81, ಅಂದರೆ ಚಿಪ್ಪಿನ ಕೆಲಸದ ಶಾಖ ಶೇ. 19 ಕಡಿಮೆ. ಬಿಸಿ ಇಳಿದದ್ದರಿಂದ ಬೂಸ್ಟ್ ಮೇಲೆಯೇ ನಿಲ್ಲುತ್ತದೆ, ಫ್ಯಾನು ಸುಮ್ಮನಾಗುತ್ತದೆ, ಬಿಗಿಯಾದ ಎಸ್‌ಎಂಪಿಎಸ್ ನಿಟ್ಟುಸಿರು ಬಿಡುತ್ತದೆ. ಸಿದ್ಧ ಕಂಪ್ಯೂಟರುಗಳ ಬಯಾಸ್ ಹೆಚ್ಚಾಗಿ ಬೀಗ ಹಾಕಿಕೊಂಡೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಈ ಒಂದು ಹಿಡಿಕೆ ಮಾತ್ರ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಸಾಧನದ ಮೂಲಕ ಕೈಗೆ ಸಿಗುತ್ತದೆ. ಕಂಪನಿ ವೇಗದ ಉಳಿಕೆಯನ್ನು ಪೂರ್ತಿ ತೆಗೆದುಕೊಂಡ ಮೇಲೂ ಕೊಂಡವನ ಪಾಲಿಗೆ ಉಳಿದದ್ದು ಇದು.

ಅಷ್ಟರಲ್ಲಿ ಕಾರ್ಡುಗಳು ಇನ್ನೂ ಮುಂದೆ ಹೋಗಿದ್ದವು. 2022ರ ಅಕ್ಟೋಬರಿನ ಆರ್‌ಟಿಎಕ್ಸ್ 4090 ಕಾರ್ಡಿಗೆ 450 ವ್ಯಾಟ್, ಅದನ್ನು ಹೊರಲು ಬೆರಳಗಲದ ಹೊಸ ಕನೆಕ್ಟರು. ಕೆಲವೇ ವಾರಗಳಲ್ಲಿ ಆ ಕನೆಕ್ಟರು ಕರಗಿದ ಚಿತ್ರಗಳು ಬಂದವು. ನವೆಂಬರಿನಲ್ಲಿ ಎನ್‌ವಿಡಿಯಾ ಜಗತ್ತಿನಾದ್ಯಂತ ಸುಮಾರು 50 ಪ್ರಕರಣಗಳಾಗಿವೆ, ಹೆಚ್ಚಿನವರು ಪ್ಲಗ್ಗನ್ನು ಪೂರ್ತಿ ಒತ್ತಿರಲಿಲ್ಲ ಎಂದಿತು. ಸಾವಿರಕ್ಕೂ ಹೆಚ್ಚು ಡಾಲರಿನ ಕಾರ್ಡು ಕೊಂಡವನಿಗೆ ಪ್ಲಗ್ಗು ಒತ್ತಲು ಬರುವುದಿಲ್ಲ ಎಂಬ ವಾದ ಎಷ್ಟು ಜನರಿಗೆ ರುಚಿಸಿತೋ! ಆದರೆ ಮರುವರ್ಷ ಕನೆಕ್ಟರಿನ ವಿನ್ಯಾಸವನ್ನೇ ತಿದ್ದಿದರು. ಹೊಸ ಮಾದರಿಯಲ್ಲಿ ವಿದ್ಯುತ್ ಹರಿಯಲು ಅನುಮತಿ ಕೊಡುವ ನಾಲ್ಕು ಸಣ್ಣ ಪಿನ್ನುಗಳನ್ನು ಗಿಡ್ಡ ಮಾಡಿದ್ದಾರೆ. ಪ್ಲಗ್ಗು ಕೊನೆಯ ತನಕ ಕೂರದಿದ್ದರೆ ಅವು ಮುಟ್ಟುವುದಿಲ್ಲ, ಅವು ಮುಟ್ಟದಿದ್ದರೆ ಕಾರ್ಡು ಏಳುವುದಿಲ್ಲ.